ಪಟ್ಟಿಯ ಅಂಚಿನ ಕಂದು ಗೆರೆ

ಮೊದಲು ಕಂಡದ್ದು ಮೇಲಿನ ಎಡ ಕೋರೆಹಲ್ಲಿನಲ್ಲಿ. ಉಕ್ಕಿನ ಪಟ್ಟಿಗೂ ವಸಡಿಗೂ ನಡುವೆ ಉಳಿದಿದ್ದ ಅಷ್ಟೇ ಅಷ್ಟು ಜಾಗದಲ್ಲಿ ಕೂದಲೆಳೆಯಂಥ ಕಂದು ಗೆರೆ. ಚಹಾದ ಕಲೆ ಇರಬೇಕು ಎಂದುಕೊಂಡು ಚೂಪು ಸಲಾಕೆಯ ಮೊನೆಯಿಂದ ಕೆರೆದೆ. ಹೋಗಲಿಲ್ಲ. ಪಕ್ಕದ ಹಲ್ಲು ನೋಡಿದೆ, ಅಲ್ಲೂ ಇತ್ತು. ಕನ್ನಡಿ ಓರೆ ಮಾಡಿ ಮುಂದಿನ ಆರೂ ಹಲ್ಲು ನೋಡಿದೆ. ಆರಕ್ಕೆ ಆರರಲ್ಲೂ ಇತ್ತು. ಮತ್ತೆ ಮೊದಲಿನಿಂದ ಎಣಿಸಿದೆ.

"ಏನಾತ್ರಿ ಡಾಕ್ಟ್ರ?" ಎಂದಳು ಕುರ್ಚಿಯಲ್ಲಿದ್ದ ಹುಡುಗಿ.

"ಏನಿಲ್ಲ ತಂಗಿ," ಎಂದೆ. ಶುದ್ಧ ಸುಳ್ಳು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಹುಮನಾಬಾದಿನಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ಮೂರು ವರ್ಷವಾಗಿತ್ತು. ಮೂರು ವರ್ಷವೂ ಬರೀ ಹಲ್ಲು ಕೀಳುವುದೇ ಆಗಿತ್ತು. ಹಲ್ಲು ನೆಟ್ಟಗೆ ಮಾಡುವ ತಂತಿಯ ಕೆಲಸವನ್ನು ನಗರದಲ್ಲಿ ನನ್ನ ಗುರುಗಳ ಬೆನ್ನ ಹಿಂದೆ ಆರು ವಾರ ನಿಂತು ಕಲಿತಿದ್ದೆ. ಆರು ವಾರ ಸಾಕು ಎಂಬ ಸೊಕ್ಕು ಆಗ ನನಗಿತ್ತು. ಈ ಹುಡುಗಿ ನನ್ನ ಮೊದಲ ತಂತಿಯ ರೋಗಿ.

ಅವಳು ಹಳ್ಳಿಖೇಡದವಳು. ಅಪ್ಪ ಕಬ್ಬು ಬೆಳೆಯುವವರು. ಅವಳಿಗೆ ಹದಿನೆಂಟು ವರ್ಷ. ದಿನಾ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಬಸವಕಲ್ಯಾಣಕ್ಕೆ ಹೋಗಿ ಮಾಸ್ತರಿಕೆಯ ತರಬೇತಿ ಓದುತ್ತಿದ್ದಳು. ಮೇಲಿನ ಹಲ್ಲುಗಳು ತುಟಿ ಮುಚ್ಚಲಾರದಷ್ಟು ಮುಂದೆ ಬಂದಿದ್ದವು. ಮಾತಾಡುವಾಗೆಲ್ಲ ಬಲಗೈ ತಾನಾಗಿಯೇ ಬಾಯಿಗೆ ಬರುತ್ತಿತ್ತು. ಮಕ್ಕಳೆದುರು ಮೊದಲ ಪಾಠ ಹೇಳಲು ನಿಂತ ದಿನ ಹಿಂದಿನ ಸಾಲಿನ ನಾಲ್ಕೈದು ಮಕ್ಕಳು ಅವಳ ಹಾಗೆಯೇ ಬಾಯಿಗೆ ಕೈ ಇಟ್ಟುಕೊಂಡು ಕುಳಿತವಂತೆ. ಇವಳು ಸೀಮೆಸುಣ್ಣ ಕೆಳಗಿಟ್ಟು ಹೊರಬಂದಳು.

"ಓದೋದ ಬಿಡ್ತೀನಿ ಅಂತ ಕುಂತಾಳ್ರಿ ಸಾಬ್," ಎಂದಿದ್ದರು ಅಪ್ಪ. "ಹಲ್ಲ ಒಳಗ ಹಾಕಿ ಕೊಡ್ರಿ. ಮಾಸ್ತರಿಣಿ ಆಗ್ತೀನಿ ಅಂತ ಸಣ್ಣಾಕಿದ್ದಾಗಿಂದ ಹಟ ಹಿಡದಾಳ."

ಹಲ್ಲು ಒಳಗೆ ಹೋಗಲು ಜಾಗ ಬೇಕು. ಕೋರೆಹಲ್ಲುಗಳ ಹಿಂದಿನ ನಾಲ್ಕು ಹಲ್ಲು ಕಿತ್ತೆ. ನಾಲ್ಕೂ ಗಟ್ಟಿಮುಟ್ಟಾದ, ಒಂದು ಚುಕ್ಕೆಯೂ ಇಲ್ಲದ ಹಲ್ಲುಗಳು. ಈ ಕೆಲಸದಲ್ಲಿ ಹಿಂದಕ್ಕೆ ಬರುವ ದಾರಿ ಅಲ್ಲಿಗೆ ಮುಗಿಯುತ್ತದೆ. ನಡುವೆ ಬಿಟ್ಟರೆ ಬಾಯಲ್ಲಿ ನಾಲ್ಕು ಸಂದು ಉಳಿಯುತ್ತವೆ, ಮುಂದಿನ ಹಲ್ಲುಗಳು ಮತ್ತೆ ಹೊರಕ್ಕೆ ಹೊರಡುತ್ತವೆ.

ಆಮೇಲೆ ಪಟ್ಟಿಗಳು. ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಪ್ರತಿ ಹಲ್ಲಿಗೂ ಸುತ್ತಿ, ಇಕ್ಕಳದಿಂದ ಚಿವುಟಿ ಅಳತೆ ಹಿಡಿದು, ಬೆಸೆದು, ಮುಂದೆ ತಂತಿ ಹಿಡಿಯುವ ಪುಟ್ಟ ಕೊಂಡಿ ಕೂಡಿಸಿ, ಸಿಮೆಂಟಿನಿಂದ ಹಲ್ಲಿಗೆ ಅಂಟಿಸಬೇಕು. ಪುಡಿ ಮತ್ತು ದ್ರವ ಕಲಸಿ ಮಾಡುವ ಆ ಸಿಮೆಂಟು ನಮ್ಮೂರ ಬೇಸಿಗೆಯಲ್ಲಿ ಎರಡು ಸಲ ಕೈಯಾಡಿಸುವುದರೊಳಗೆ ಕಲ್ಲಾಗುತ್ತಿತ್ತು. ಗಾಜಿನ ಹಲಗೆಯನ್ನು ಮಣ್ಣಿನ ಕೊಡದ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ, ಅದರ ಮೇಲೆ ಕಲಸುತ್ತಿದ್ದೆ. ತಿಂಗಳಿಗೊಮ್ಮೆ ತಂತಿ ಬಿಗಿ ಮಾಡುವುದು. ಪ್ರತಿ ಸಲವೂ ಒಂದೇ ಮಾತು ಹೇಳಿ ಕಳಿಸುತ್ತಿದ್ದೆ: "ಮೂರು ದಿನ ನೋಯ್ತದ. ಗಟ್ಟಿ ತಿನ್ನಬ್ಯಾಡ, ಮೆತ್ತಗಿದ್ದದ್ದು ತಿನ್ನು. ಬ್ರಷ್ ಮಾಡೋದು ಬಿಡಬ್ಯಾಡ." ಈ ಮಾತು ನೆನಪಿರಲಿ. ಇದರ ಬೆಲೆ ಮುಂದೆ ಗೊತ್ತಾಯಿತು.

ಎಂಟು ತಿಂಗಳಲ್ಲಿ ಸಂದುಗಳು ಅರ್ಧ ಮುಚ್ಚಿದ್ದವು. ತುಟಿ ಕೂಡತೊಡಗಿತ್ತು. ಬಲಗೈ ಬಾಯಿಗೆ ಬರುವುದನ್ನು ಮರೆತಿತ್ತು. ಅಂಥ ಹೊತ್ತಿಗೆ ಈ ಗೆರೆ.

ಆ ದಿನ ತಿರುಗುವ ಕುಂಚಕ್ಕೆ ತಿಕ್ಕುವ ಪುಡಿ ಹಚ್ಚಿ ಪಟ್ಟಿಗಳ ಸುತ್ತ ಉಜ್ಜಿದೆ. ಕಂದು ಹೋಯಿತು. ನಿಟ್ಟುಸಿರು ಬಿಟ್ಟೆ. ತಿಂಗಳ ಮೇಲೆ ಬಂದಾಗ ಗೆರೆ ವಾಪಸು ಬಂದಿತ್ತು, ಈ ಸಲ ದಪ್ಪವಾಗಿ.

"ಚಹಾ ಭಾಳ ಕುಡೀತಿಯೇನು?"

"ಇಲ್ರಿ. ಒಂದs ಕಪ್ಪು."

"ಬ್ರಷ್?"

"ಮಾಡ್ತೀನ್ರಿ," ಎಂದಳು ಗೋಡೆ ನೋಡುತ್ತ. ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ನನ್ನ ಸಿಮೆಂಟು, ನನ್ನ ಉಕ್ಕು, ನನ್ನ ಮರ್ಯಾದೆ.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನವನು ಚಹಾ ಇಡುತ್ತ ಕೇಳಿದ, "ಡಾಕ್ಟರ್ ಸಾಬ್, ನೀವು ತಂತಿ ಕಟ್ಟಿದ ಹುಡಿಗಿ ಹಲ್ಲಿಗಿ ಜಂಗ ಹಿಡದದ ಅಂತಲ್ರಿ, ಖರೇನು?"

"ಯಾಂವ ಹೇಳಿದ?" ಎಂದು ಕಿರುಚಿದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಚಹಾ ಅಲ್ಲೇ ಬಿಟ್ಟು ಬಂದೆ. ಸಿಟ್ಟು ಅವನ ಮೇಲಲ್ಲ. ತುಕ್ಕು ಹಿಡಿದಿರಬಹುದು ಎಂಬ ಹೆದರಿಕೆ ನನಗೇ ಇತ್ತು.

ಪರೀಕ್ಷೆ ಶುರು ಮಾಡಿದೆ. ಅದೇ ಉಕ್ಕಿನ ಮೂರು ತುಂಡು ತೆಗೆದು ಒಂದನ್ನು ಉಪ್ಪುನೀರಿನಲ್ಲಿ, ಒಂದನ್ನು ಹುಣಸೆನೀರಿನಲ್ಲಿ, ಒಂದನ್ನು ಬರೀ ನೀರಿನಲ್ಲಿ ಹಾಕಿ ಬಾಟಲಿಗಳನ್ನು ಕಿಟಕಿಯಲ್ಲಿಟ್ಟೆ. ಹದಿನೈದು ದಿನವಾದರೂ ಉಕ್ಕು ಫಳಫಳ ಹೊಳೆಯುತ್ತಿತ್ತು. ಹಾಗಾದರೆ ಸಿಮೆಂಟೇ ಇರಬೇಕು. ಬೇಸಿಗೆಯಲ್ಲಿ ಕಲ್ಲಾಗುತ್ತದೆಂದು ಹೆದರಿ ತೆಳ್ಳಗೆ ಕಲಸಿದ್ದೆನೇ? ಅದು ಕರಗಿ ಪಟ್ಟಿಯ ಕೆಳಗೆ ಹಲ್ಲು ಕೊಳೆಯುತ್ತಿದೆಯೇ? ಗುರುಗಳಿಗೆ ನಾಲ್ಕು ಪುಟದ ಕಾಗದ ಬರೆದೆ. ಅವರಿಂದ ಬಂದದ್ದು ಒಂದು ಕಾರ್ಡು, ಅದರಲ್ಲಿ ಒಂದೇ ಸಾಲು: "ಒಂದು ಪಟ್ಟಿ ತೆಗೆದು ನೋಡಿದೆಯಾ?"

ನೋಡಿರಲಿಲ್ಲ. ನೋಡಲು ಧೈರ್ಯ ಇರಲಿಲ್ಲ ಎಂಬುದು ಖರೆ.

ಮುಂದಿನ ಸಲ ಅವಳು ಬಂದಾಗ ತಂತಿ ಬಿಚ್ಚಿ, ಎಡ ಕೋರೆಹಲ್ಲಿನ ಪಟ್ಟಿಗೆ ಇಕ್ಕಳ ಹಾಕಿದೆ. ಸಿಮೆಂಟು ಚಟ್ಟನೆ ಒಡೆದು ಪಟ್ಟಿ ಕೈಗೆ ಬಂತು. ಹಲ್ಲು ಒಣಗಿಸಿ ಕನ್ನಡಿ ಹಿಡಿದೆ. ಪಟ್ಟಿಯ ಕೆಳಗೆ ಸಿಮೆಂಟು ಇಟ್ಟಂತೆಯೇ ಇತ್ತು; ಅದರ ಕೆಳಗೆ ಹಲ್ಲು ತನ್ನ ಬಣ್ಣದಲ್ಲಿ ಚೊಕ್ಕಟವಾಗಿತ್ತು. ಸಿಮೆಂಟಿನ ತಪ್ಪಿಲ್ಲ! ಕುಣಿಯಬೇಕೆನಿಸಿತು. ಪಟ್ಟಿಯ ಹೊರಗಿನ ಕಂದನ್ನು ಸಾವಕಾಶ ಉಜ್ಜಿ ತೆಗೆದು, ಮತ್ತೆ ಗಾಳಿ ಬಿಟ್ಟು ಒಣಗಿಸಿದೆ. ಕುಣಿಯುವ ಆಸೆ ಅಲ್ಲೇ ಸತ್ತಿತು.

ಕಂದಿನ ಕೆಳಗೆ ಬಿಳುಪಿತ್ತು. ಹಲ್ಲಿನ ಬಿಳುಪಲ್ಲ, ಸೀಮೆಸುಣ್ಣದ ಬಿಳುಪು, ಹೊಳಪಿಲ್ಲದ್ದು. ಮೊನೆ ಆಡಿಸಿದರೆ ಒರಟಾಗಿ ತಾಗುತ್ತಿತ್ತು. ಹಲ್ಲಿನ ಮೇಲ್ಪದರದ ಸುಣ್ಣ ಕರಗತೊಡಗಿದೆ ಎಂದು ಅದರ ಅರ್ಥ. ಹೀಗೇ ಬಿಟ್ಟರೆ ಇನ್ನು ಕೆಲವು ತಿಂಗಳಲ್ಲಿ ಆ ಜಾಗ ಕುಳಿ ಬೀಳುತ್ತದೆ. ಹಿಂದೆ ಉಜ್ಜಿದಾಗ ಹಲ್ಲು ಒಣಗಿಸದೆ ಒದ್ದೆಯಲ್ಲೇ ನೋಡಿ, ಕಂದು ಹೋಯಿತೆಂದು ಖುಷಿಪಟ್ಟು ಕಳಿಸಿದ್ದೆ. ಕಂದು ಬರೀ ಮೇಲಿನ ಕಲೆ. ನಿಜವಾದ ಕೇಡು ಅದರ ಕೆಳಗೆ ಇತ್ತು.

ಸಿಹಿ ಇಲ್ಲದೆ ಹೀಗಾಗುವುದಿಲ್ಲ. ಆದರೆ ಕಂದು ಎಲ್ಲಿಂದ? ಅವಳನ್ನು ಕೇಳಿದೆ, ಮತ್ತೆ ಕೇಳಿದೆ, ದನಿಯೇರಿಸಿ ಕೇಳಿದೆ. ಕಣ್ಣಲ್ಲಿ ನೀರು ತಂದುಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ಪಟ್ಟಿ ಮತ್ತೆ ಅಂಟಿಸಿ ಕಳಿಸಿದೆ. ಆ ಭಾನುವಾರ ಹೇಳದೆ ಕೇಳದೆ ಹಳ್ಳಿಖೇಡದ ಬಸ್ಸು ಹತ್ತಿದೆ.

ಮನೆಯ ಬಾಗಿಲಿಗೆ ಬರುವ ಮೊದಲೇ ವಾಸನೆ ಬಂತು. ಅಂಗಳದ ಒಲೆಯ ಮೇಲೆ ರೊಟ್ಟಿಯ ಹಂಚು, ಹಂಚಿನ ಮೇಲೆ ಹೊಗೆಯಾಡುತ್ತ ಕರ್ರಗಾಗುತ್ತಿದ್ದ ತಂಬಾಕಿನ ಎಲೆ. ಎದುರು ಹುಡುಗಿಯ ಅಜ್ಜಿ. ಮನೆಯಲ್ಲಿ ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ತಂಬಾಕು ಹುರಿದು ಪುಡಿ ಮಾಡಿದರೆ ಮಶೇರಿ. ನಮ್ಮ ಕಡೆಯ ಎಷ್ಟೋ ಹೆಂಗಸರು ಬೆಳಿಗ್ಗೆ ಹಲ್ಲು ತಿಕ್ಕುವುದು ಅದರಿಂದಲೇ. ಬಸವಕಲ್ಯಾಣದಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಸದೇ? ದಿನಾ ಹತ್ತು ಮುದುಕಿಯರ ಬಾಯಲ್ಲಿ ಆ ಬಣ್ಣ ನೋಡುತ್ತಿದ್ದೆ. ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಬರುವ ಹುಡುಗಿಯ ಬಾಯಲ್ಲಿ ಕಂಡಾಗ ಮಾತ್ರ ಗುರುತು ಹತ್ತಲಿಲ್ಲ. ಕಣ್ಣಿದ್ದೂ ಕುರುಡನಾಗಿದ್ದೆ.

"ನಾ ಹಲ್ಲಿನ ಡಾಕ್ಟರ್ ಆಯಿ," ಎಂದೆ.

"ಅಯ್ಯ, ನೀನs ಏನು! ಮೊಮ್ಮಗಳಿಗಿ ಕಬ್ಬಣ ಕಟ್ಟಿದಾಂವ! ಬಾ ತಮ್ಮಾ, ಕೂಡು. ಎಷ್ಟ ನೋಯಸ್ತಿ ಆ ಕೂಸಿಗಿ? ನೀ ತಿರುವಿ ಕಳಸ್ತಿ, ಅಕಿ ಇಲ್ಲಿ ಬಂದು ಗೋಡಿಗಿ ಮಾರಿ ಹಚ್ಚಿ ಅಳ್ತಾಳ. ನಾ ಜರಾ ಮಶೇರಿ ಹಚ್ಚಿದೆ. ಬ್ಯಾನಿ ಓಡಿ ಹೋತು ನೋಡು."

"ಈಗೂ ಹಚ್ಚಾಕತ್ತಾಳೇನು?"

"ಹಚ್ಚದ ಇದ್ರ ಈಗ ಅಕಿಗಿ ತಲಿ ಹಿಡೀತದ."

"ಮತ್ತ ಬ್ರಷ್?"

"ಮಶೇರಿ ತಿಕ್ಕಿದ ಮ್ಯಾಲ ಬ್ರಷ್ ಯಾಕ ಬೇಕೋ ತಮ್ಮಾ? ಇಲ್ಲಿ ನೋಡು." ಆಯಿ ಬಾಯಿ ಅಗಲ ತೆರೆದಳು. ಹಲ್ಲುಗಳು ಹಳೆಯ ತೊಲೆಯ ಬಣ್ಣಕ್ಕೆ ತಿರುಗಿದ್ದವು. ಆದರೆ ಒಂದೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಒಳಗಿಂದ ಬಂದಳು. ಕೈಯಲ್ಲೊಂದು ಬಟ್ಟಲು. ನನ್ನನ್ನು ನೋಡಿ ಅದನ್ನು ಬೆನ್ನ ಹಿಂದೆ ಒಯ್ದಳು. ಎದ್ದು ಹೋಗಿ ನೋಡಿದೆ. ಹಾಲಿನಲ್ಲಿ ಬೆಲ್ಲ ಕರಗಿಸಿ, ಅದರಲ್ಲಿ ಜೋಳದ ರೊಟ್ಟಿ ಮುರಿದು ನೆನೆಯಿಸಿದ ಮೆತ್ತನೆಯ ಮುದ್ದೆ.

"ಇದು ಎಷ್ಟು ಸಲ?"

"ಮೂರು ಹೊತ್ತೂ ಅದs," ಎಂದಳು ಆಯಿ. "ಮಲಗೂ ಮುಂದ ಜರಾ. ಮೆತ್ತಗಿಂದ ತಿನ್ನಂತ ನೀನs ಹೇಳಿ ಕಳಿಸ್ದಿಯಲ್ಲ."

"ಮೂರು ದಿನ ಅಂದಿದ್ದೆ ಆಯಿ! ತಿಂಗಳಿಗೆ ಮೂರು ದಿನ!"

"ನೋಯೋ ಹಲ್ಲಿಗಿ ದಿನಾ ಎಣಸ್ತಾರೇನು?"

ಕಟ್ಟೆಯ ಮೇಲೆ ಕುಳಿತೆ. ಮೆತ್ತಗಿದ್ದದ್ದು ಎಂದರೆ ಗಂಜಿ, ಬೇಳೆ, ಅನ್ನ ಎಂದು ನನ್ನ ತಲೆಯಲ್ಲಿತ್ತು. ಕಬ್ಬಿನ ಮನೆಯಲ್ಲಿ ಮೆತ್ತಗಿದ್ದದ್ದು ಎಂದರೆ ಏನೆಂದು ನಾನು ಕೇಳಲೇ ಇಲ್ಲ. ಜ್ವರ ಬಂದಾಗ ನನ್ನ ಅವ್ವ ನನಗೆ ಕಲಸಿಕೊಡುತ್ತಿದ್ದದ್ದೂ ಇದೇ. ಹಗಲೂ ರಾತ್ರಿ ಬೆಲ್ಲದ ಪಾಕ ಪಟ್ಟಿಗಳ ಅಂಚಿನಲ್ಲಿ ಕೂತು ಹಲ್ಲು ತಿನ್ನುತ್ತಿತ್ತು. ಬ್ರಷ್ಷಿನ ಬದಲು ಬಂದ ಮಶೇರಿ ಅದರ ಮೇಲೆ ಕಂದು ಬಳಿದು ನನ್ನಿಂದ ಮುಚ್ಚಿಡುತ್ತಿತ್ತು. ಎರಡೂ ಆ ಬಾಯಿಗೆ ಹೋದದ್ದು ಪ್ರೀತಿಯಿಂದ. ಒಂದಕ್ಕೆ ಅಪ್ಪಣೆ ಕೊಟ್ಟವನು ನಾನು.

ಬಸ್ಸಿನಲ್ಲಿ ವಾಪಸು ಬರುವಾಗ ಕೆಟ್ಟ ಯೋಚನೆಯೊಂದು ಬಂತು. ಕಂದು ಉಜ್ಜಿಬಿಡುವುದು, ಮಶೇರಿ ಬಿಡಿಸುವುದು, ಬಿಳುಪಿನ ಮಾತೇ ಎತ್ತದೆ ಉಳಿದ ತಿಂಗಳು ತಳ್ಳುವುದು. ಹಲ್ಲು ಒಣಗಿದಾಗ ಮಾತ್ರ ಕಾಣುವ ಬಿಳುಪು. ಕೊನೆಯಲ್ಲಿ ಏನಾದರೂ ಆದರೆ "ನಿಮ್ಮ ಬೆಲ್ಲ, ನಿಮ್ಮ ಮಶೇರಿ" ಎಂದರಾಯಿತು. ಯಾರು ಕೇಳುತ್ತಾರೆ? ಹುಮನಾಬಾದ್ ಬರುವವರೆಗೂ ಆ ಯೋಚನೆ ನನ್ನ ಜೊತೆಗೇ ಬಂತು. ನಾನು ದೊಡ್ಡ ಸಾಚಾ ಮನುಷ್ಯ ಎಂದೇನಲ್ಲ. ಆ ಬೆನ್ನ ಹಿಂದಿನ ಬಟ್ಟಲು ಕಣ್ಣಿಂದ ಹೋಗಲಿಲ್ಲ, ಅಷ್ಟೇ. ಎರಡು ದಿನದ ಮೇಲೆ ಅಪ್ಪ-ಮಗಳಿಬ್ಬರನ್ನೂ ಕರೆಸಿ ಎದುರು ಕೂಡಿಸಿಕೊಂಡೆ.

"ಮುಂದಿನ ಆರು ಪಟ್ಟಿ ತಗೀಬೇಕು," ಎಂದೆ. "ಅಂಚಿನ್ಯಾಗ ಹಲ್ಲು ಕರಗಿ ಬಿಳಿ ಕಲಿ ಬಿದ್ದಾವ. ತಪ್ಪು ನಂದು. ಏನು ತಿನ್ನಬೇಕು ಅಂತ ಪೂರಾ ಹೇಳಲಿಲ್ಲ. ಗೆರಿ ಕಂಡಾಗ ಪಟ್ಟಿ ತಗದು ನೋಡಲಿಲ್ಲ. ನಾಲ್ಕು ತಿಂಗಳು ಹಲ್ಲಿಗೆ ಬಿಡುವು ಕೊಟ್ಟು ಮತ್ತ ಕಟ್ತೀನಿ. ಅಲ್ಲೀತನಾ ಸಂದು ಅಗಲ ಆಗದಂಗ ಬಾಯಿ ಮ್ಯಾಲಿನ ಅಂಗಳಕ್ಕೆ ಕೂಡೋ ಒಂದು ಪ್ಲೇಟು ಮಾಡಿ ಕೊಡ್ತೀನಿ. ಅದನ್ನ ತಗದು ಹಲ್ಲು ತೊಳೀಬಹುದು."

ಅಪ್ಪ ಮಗಳ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಕಿತ್ತಿದ್ದು ನಾಕು ಹಲ್ಲ ವಾಪಸ್ ಹಚ್ಚಾಕ ಬರ್ತದೇನ್ರಿ ಸಾಬ್?"

"ಇಲ್ರಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬೈದವಳು ಹುಡುಗಿ.

"ಇಪ್ಪತ್ತ ದಿನಕ್ಕ ನನ್ನ ಕಡೀ ಪಾಠ ಅದ! ಪರೀಕ್ಷಾ ಮಾಡೋರು ಹೊರಗಿಂದ ಬರ್ತಾರ. ಈಗ ತಗದ್ರ ಹ್ಯಾಂಗ ನಿಂದ್ರಲಿ ನಾ? ಸಂದು ಕಾಣ್ತಾವ, ಬಿಳಿ ಕಲಿ ಕಾಣ್ತಾವ. ಪಾಠ ಮುಗಿಯೂತನಾ ಇರ್ಲಿ ಬಿಡ್ರಿ. ಇಪ್ಪತ್ತs ದಿನ!"

ಇಪ್ಪತ್ತು ದಿನದಲ್ಲಿ ಏನಾಗಿಬಿಡುತ್ತದೆ ಎಂದು ನನಗೂ ಅನ್ನಿಸಿತು. ಆದರೆ ಇಪ್ಪತ್ತು ದಿನ ಮುಗಿದ ಮೇಲೆ ಇನ್ನೊಂದು ಕಾರಣ ಬರುತ್ತದೆ. ಎಡ ಕೋರೆಹಲ್ಲಿನ ಪಟ್ಟಿಯೊಂದನ್ನೇ ತೆಗೆದು, ಹಲ್ಲು ಒಣಗಿಸಿ, ಕನ್ನಡಿಯನ್ನೂ ಸಲಾಕೆಯನ್ನೂ ಅವಳ ಕೈಗೇ ಕೊಟ್ಟೆ. "ನೀನs ಮುಟ್ಟಿ ನೋಡು," ಎಂದೆ. ಹಲ್ಲಿನ ನಡುಭಾಗದಲ್ಲಿ ಮೊನೆ ಜಾರಿತು. ಬಿಳುಪಿನ ಮೇಲೆ ಬಂದಾಗ ಕರ್ ಎಂದು ಸಿಕ್ಕಿತು. ಇನ್ನೊಮ್ಮೆ ಮುಟ್ಟಿ ನೋಡಿದಳು. ಸಲಾಕೆ ತಟ್ಟೆಗೆ ಒಗೆದು, "ತಗೀರಿ," ಎಂದಳು.

ಉಳಿದ ಐದನ್ನೂ ತೆಗೆದೆ. ಸಿಮೆಂಟು ಕೆರೆದು, ಕಂದು ಉಜ್ಜಿ, ಫ್ಲೋರೈಡಿನ ದ್ರಾವಣ ಹಚ್ಚಿದೆ. ಅಚ್ಚು ತೆಗೆದು, ತಂತಿ ಬಗ್ಗಿಸಿ, ಗುಲಾಬಿ ಬಣ್ಣದ ಪ್ಲೇಟನ್ನು ಅಂದೇ ನನ್ನ ಕೈಯಿಂದ ಮಾಡಿದೆ. ಕೊನೆಗೆ ಕನ್ನಡಿ ಹಿಡಿದೆ. ಪ್ರತಿ ಹಲ್ಲಿನ ವಸಡಿನ ಬದಿಗೆ ಸುಣ್ಣದ ಅಂಚು, ಅದರ ಕೆಳಗೆ ಪಟ್ಟಿ ಕಾಪಾಡಿದ ಚೌಕ. ಅವಳು ನೋಡಿದಳು. ಎಷ್ಟೋ ತಿಂಗಳಿಂದ ಮರೆತಿದ್ದ ಬಲಗೈ ಎದ್ದು ಬಂದು ಬಾಯಿ ಮುಚ್ಚಿತು.

ಆ ಇಪ್ಪತ್ತು ದಿನ ಅವಳು ಬಸ್ಸು ಬದಲಿಸುವ ಹೊತ್ತಿಗೆ ದವಾಖಾನೆಗೆ ಬಂದು ನನ್ನೆದುರೇ ಬ್ರಷ್ ಮಾಡಿ ಹೋಗುತ್ತಿದ್ದಳು. ಮಶೇರಿ ಬಿಟ್ಟದ್ದಕ್ಕೆ ತಲೆನೋವು, ಸಿಡಿಮಿಡಿ. ಒಂದು ಮಾತು ಹೆಚ್ಚು ಆಡಿದರೆ ಹರಿದು ತಿನ್ನುವಂತೆ ನೋಡುತ್ತಿದ್ದಳು. ಹಾಲು ಬೆಲ್ಲದ ರೊಟ್ಟಿ ನಿಂತಿತು. ಬೇಳೆಯಲ್ಲಿ ನೆನೆದ ರೊಟ್ಟಿ ಬಂತು. ಆಯಿ ಮೊಮ್ಮಗಳೆದುರು ಮಶೇರಿಯ ಡಬ್ಬಿ ತೆರೆಯುವುದಿಲ್ಲ ಎಂದು ಆಣೆ ಮಾಡಿ, ಬೆಳಿಗ್ಗೆ ಎದ್ದು ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋಗಿ ತಿಕ್ಕಿ ಬರುತ್ತಿದ್ದಳಂತೆ.

ಪಾಠದ ದಿನ ನಾನು ಬಸವಕಲ್ಯಾಣದಲ್ಲಿದ್ದೆ. ಅವ್ವನನ್ನು ನೋಡಲು ಬಂದೆ ಎಂದು ಮನೆಯಲ್ಲಿ ಹೇಳಿದ್ದೆ. ಅವಳು ಪಾಠ ಮಾಡಬೇಕಿದ್ದ ಪ್ರಾಥಮಿಕ ಶಾಲೆಯ ಕಿಟಕಿಗಳು ಓಣಿಗೆ ತೆರೆದಿದ್ದವು. ಎದುರಿನ ಬೇವಿನ ಮರದ ಕೆಳಗೆ ಕಳ್ಳನ ಹಾಗೆ ನಿಂತೆ. ಒಳಗೆ ಮೂವತ್ತು ಮಕ್ಕಳು, ಹಿಂದೆ ಇಬ್ಬರು ಪರೀಕ್ಷಕರು, ಕರಿಹಲಗೆಯ ಮುಂದೆ ಅವಳು. ಶುರುವಿನ ಮಾತುಗಳು ತೊದಲಿದವು. ಪ್ಲೇಟು! ಅದು ಬಾಯಲ್ಲಿದ್ದರೆ ನಾಲಗೆ ಸರಿಯಾಗಿ ಹೊರಳುವುದಿಲ್ಲ, ಪಾಠದ ಹೊತ್ತು ತೆಗೆದಿಡು ಎಂದು ಹೇಳುವುದನ್ನು ನಾನು ಮರೆತಿದ್ದೆ. ಹಿಂದಿನ ಸಾಲಿನಲ್ಲಿ ಯಾವುದೋ ಮಗು ಕಿಸಕ್ಕೆಂದಿತು. ಅವಳ ಬಲಗೈ ಮೇಲೆದ್ದಿತು. ಮುಗಿಯಿತು, ಸೀಮೆಸುಣ್ಣ ಕೆಳಗಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಅವಳು ಬೆರಳು ಹಾಕಿ ಪ್ಲೇಟು ಹೊರಗೆ ತೆಗೆಯುತ್ತಿದ್ದಳು. ಮೂವತ್ತು ಮಕ್ಕಳೂ ಕತ್ತು ಉದ್ದ ಮಾಡಿದರು. "ಇದು ನನ್ನ ಹಲ್ಲು ಹಿಂದ ಹಿಡದಿಡೋ ಸಾಮಾನು," ಎಂದಳು ಅವಳು, ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿದು. "ನೋಡಿದ್ರಿಲ್ಲ? ಈಗ ಇಲ್ಲಿ ಹಲಗಿ ನೋಡ್ರಿ." ಪ್ಲೇಟನ್ನು ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಪಾಠ ಮುಂದುವರಿಸಿದಳು. ಸಂದು ಕಂಡವು, ಬಿಳಿ ಕಲೆ ಕಂಡವು. ಕೈ ಮಾತ್ರ ಬಾಯಿಗೆ ಬರಲಿಲ್ಲ. ಬೇವಿನ ಮರದ ಕೆಳಗೆ ನಿಂತು ನಾನು ಕಣ್ಣು ಒರೆಸಿಕೊಂಡೆ, ಹೇಳಲು ನಾಚಿಕೆಯೇನಿಲ್ಲ.

ನಾಲ್ಕು ತಿಂಗಳಲ್ಲಿ ಒರಟು ಹೋಗಿ ಹಲ್ಲಿನ ಮೈ ಗಟ್ಟಿಯಾಯಿತು. ಪಟ್ಟಿ ಮತ್ತೆ ಕಟ್ಟಿದೆ. ಈ ಸಲ ತಂತಿ ಬಿಗಿ ಮಾಡುವಾಗೆಲ್ಲ ಆಯಿಯನ್ನೂ ಕರೆಸಿ, ಏನು ಅಡಿಗೆ, ಯಾವ ಹೊತ್ತಿಗೆ, ಎಲ್ಲ ಆಕೆಯ ಬಾಯಿಂದಲೇ ಕೇಳುತ್ತಿದ್ದೆ. ಇಂದಿಗೂ ತಂತಿ ಕಟ್ಟುವ ಮೊದಲು ಆ ಮನೆಯಲ್ಲಿ ಉಣಬಡಿಸುವವರನ್ನು ಕರೆಸುತ್ತೇನೆ. ಅವರು ಬರದಿದ್ದರೆ ಇಕ್ಕಳ ಮುಟ್ಟುವುದಿಲ್ಲ.

ಇನ್ನೂ ಒಂಬತ್ತು ತಿಂಗಳ ಮೇಲೆ ಕೊನೆಯ ಪಟ್ಟಿ ಕಳಚಿ ಬಂತು. ಸಂದು ಪೂರಾ ಮುಚ್ಚಿದ್ದವು. ಅಷ್ಟೊತ್ತಿಗೆ ಅವಳು ಮಾಸ್ತರಿಣಿಯಾಗಿದ್ದಳು. ಸುಣ್ಣದ ಅಂಚುಗಳು ಮಾಸಿದ್ದವು, ಆದರೆ ನಾಲ್ಕು ಹಲ್ಲುಗಳಲ್ಲಿ ಉಳಿದಿದ್ದವು. ಅವು ನನ್ನ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿದ್ದವು. ತೆಗೆಯುವ ಉಪಾಯವನ್ನು ಗುರುಗಳಿಗೆ ಬರೆದು ಕೇಳಿ ತಿಳಿದುಕೊಂಡಿದ್ದೆ: ನೀರು ಬೆರೆಸಿ ತೆಳುಮಾಡಿದ ಆಸಿಡ್, ಅದರಲ್ಲಿ ತಿಕ್ಕುವ ಪುಡಿ. ಎಲ್ಲ ಹೊಂದಿಸಿ ಇಟ್ಟಿದ್ದೆ.

"ಒಂದು ತಾಸು ಕೂಡು," ಎಂದೆ. "ಈ ಕಲಿ ಕಾಣದಂಗ ಮಾಡ್ತೀನಿ."

"ಹ್ಯಾಂಗ್ರಿ?"

"ಮ್ಯಾಲಿನ ಪದರ ಜರಾ ತಿಕ್ಕಿ ತಗೀತೀನಿ. ಕೂದಲೆಳಿಯಷ್ಟು. ನೋಯಂಗಿಲ್ಲ."

ಅವಳು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು.

"ಬ್ಯಾಡ್ರಿ ಡಾಕ್ಟ್ರ," ಎಂದಳು. "ನಾಕು ಹಲ್ಲ ಕೊಟ್ಟೀನಿ ನಿಮಗ. ಇನ್ನ ಒಂದು ಕೂದಲೆಳಿನೂ ಕೊಡಂಗಿಲ್ಲ."

ಹೇಳಿ ನಕ್ಕಳು. ಎರಡೂ ಕೈ ಮಡಿಲಲ್ಲೇ ಇದ್ದವು. ನಾನು ಬಾಟಲಿಯ ಬಿರಡೆ ಮುಚ್ಚಿ ಕಪಾಟಿನಲ್ಲಿಟ್ಟೆ.